ಕಣ್ಣು ಕೊಂಡ ಸ್ಪೀಕರು



ಹೊಗೆಸೊಪ್ಪಿನ ಹರಾಜು ಶುರುವಾಗಿ ನಾಲ್ಕು ಬೇಲಿನ ದುಡ್ಡು ಬ್ಯಾಂಕಿಗೆ ಬಿತ್ತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯ ಪೇಟೆಬೀದಿಗಳಿಗೆ ಬೇರೆಯದೇ ಕಳೆ. ಗೊಬ್ಬರದ ಅಂಗಡಿಯ ಬಾಕಿ, ಸೊಸೈಟಿ ಸಾಲ, ಎಲೆ ಒಣಗಿಸುವ ಬ್ಯಾರನ್ನಿಗೆ ತಂದ ಸೌದೆಯ ಲೆಕ್ಕ ಎಲ್ಲ ಚುಕ್ತಾ ಆದ ಮೇಲೆ ಕೈಯಲ್ಲಿ ಏನಾದರೂ ಉಳಿದಿದ್ದರೆ ಮನೆಗೊಂದು ವಸ್ತು ಬರುತ್ತದೆ. ಒಂದು ಕಾಲಕ್ಕೆ ಅದು ರೇಡಿಯೊ, ಆಮೇಲೆ ಟೇಪ್‌ರೆಕಾರ್ಡರ್, ಆಮೇಲೆ ಟಿ.ವಿ. ಈಗ ಟಿ.ವಿ. ತೆಳ್ಳಗಾಗಿ ಗೋಡೆಗೆ ಅಂಟಿಕೊಂಡಿದೆ. ದನಿ ಹೊರಡಿಸುವ ಸ್ಪೀಕರಿಗೆ ಅದರೊಳಗೆ ಜಾಗವಿಲ್ಲದ್ದರಿಂದ ದನಿಯೂ ತೆಳ್ಳಗಾಗಿದೆ. ಹಾಗಾಗಿ ಜೊತೆಗೊಂದು ಸೌಂಡ್‌ಬಾರೋ, ಹೋಂ ಥಿಯೇಟರೋ, ಎದೆಮಟ್ಟದ ಎರಡು ಟವರ್ ಸ್ಪೀಕರೋ ಬೇಕೆನಿಸುತ್ತದೆ.

ಅಂಗಡಿಯಲ್ಲಿ ನಡೆಯುವ ವ್ಯಾಪಾರ ಬಹುಮಟ್ಟಿಗೆ ಹೀಗಿರುತ್ತದೆ. "ನೋಡಿ ಗೌಡ್ರೆ, ಹೊಸ ಮಾಡ್ಲು. ಲೈಟು ಹೆಂಗದೆ ನೋಡಿ. ಹಾಲಲ್ಲಿ ಇಟ್ರೆ ಬಂದೋರು ಒಂದ್ ಗಳಿಗೆ ನಿಂತು ನೋಡ್ಬೇಕು." "ಸೌಂಡು ಹೆಂಗಪ್ಪಾ?" "ಸೌಂಡಾ? ಹತ್ತು ಸಾವಿರ ವ್ಯಾಟು, ಗೌಡ್ರೆ!" ಅಲ್ಲಿಗೆ ಸೌಂಡಿನ ಮಾತು ಮುಗಿಯಿತು. ಕೂತು ಕೇಳಿ ಎಂದು ಅಂಗಡಿಯವರು ಅನ್ನಲಿಲ್ಲ, ಒಂದು ಹಾಡು ಪೂರ್ತಿ ಹಾಕಿ ಎಂದು ಗೌಡರೂ ಅನ್ನಲಿಲ್ಲ. ಪೆಟ್ಟಿಗೆ ಆಟೋ ಹತ್ತಿತು.

ಇದರಲ್ಲಿ ಗೌಡರನ್ನು ದಡ್ಡರೆಂದು ತಿಳಿಯಬೇಡಿ. ಅವರು ಬಳಸಿದ್ದು ತಮ್ಮ ಜೀವಮಾನದ ವಿದ್ಯೆಯನ್ನೇ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಮೊದಲಾದದ್ದು 1984ರಲ್ಲಿ. ಅಂದಿನಿಂದ ಕಟ್ಟೆಮಳಲವಾಡಿಯಲ್ಲಿ, ಚಿಲ್ಕುಂದದಲ್ಲಿ, ಕಂಪಲಾಪುರದಲ್ಲಿ ಎಲೆಗೆ ಬೆಲೆ ಕಟ್ಟುವುದು ಕಣ್ಣು ಮತ್ತು ಬೆರಳು. ಎಲೆ ಗಿಡದ ಯಾವ ಭಾಗದ್ದು, ಬಣ್ಣ ನಿಂಬೆಹಳದಿಯೋ ಕಿತ್ತಳೆಯೋ, ಚುಕ್ಕೆ ಎಷ್ಟಿದೆ, ಮುಟ್ಟಿದರೆ ಹದ ಹೇಗಿದೆ, ಇಷ್ಟರಲ್ಲೇ ಕಿಲೋಗೆ ಹತ್ತಾರು ರೂಪಾಯಿ ಆಚೀಚೆ. ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋದರೂ ಅಷ್ಟೇ. ಕೊಂಬಿನ ತಿರುವು, ಸುಳಿ, ಗೊರಸು, ನಡಿಗೆ ನೋಡಿ ಜೋಡಿ ಎತ್ತಿಗೆ ಬೆಲೆ ಹೇಳುತ್ತಾರೆ. ಮರದ ವ್ಯಾಪಾರಿಗಳಂತೂ ದಿಮ್ಮಿಯ ಕೊಯ್ದ ಮುಖ ನೋಡಿ ಒಳಗಿನ ಚೇಗು ಎಷ್ಟೆಂದು ಹೇಳಬಲ್ಲವರು. ಇವೆಲ್ಲದರಲ್ಲೂ ಹೊರಗೆ ಕಂಡದ್ದು ಒಳಗಿನ ಗುಣಕ್ಕೆ ನಿಜವಾದ ಗುರುತು. ಹಾಗೆ ಪಳಗಿದ ಕಣ್ಣು ಸ್ಪೀಕರಿನ ಅಂಗಡಿಗೂ ಧೈರ್ಯವಾಗಿ ಹೋಗುತ್ತದೆ. ಆದರೆ ಸ್ಪೀಕರಿನ ಹೊರಮೈ ಅದರ ದನಿಯಿಂದ ಹುಟ್ಟಿದ್ದಲ್ಲ. ಅದನ್ನು ಮಾಡುವವರೇ ಬೇರೆ. ಪಳಗಿದ ಕಣ್ಣಿಗೆ ಬೇಕಾದದ್ದೇನೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಒಳಗೆ ಇರುವುದೇನು? ಒಂದು ಅಯಸ್ಕಾಂತ, ಅದರ ಸಂದಿನಲ್ಲಿ ಓಡಾಡುವ ತಾಮ್ರದ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಕೋನು. ಸುರುಳಿಯಲ್ಲಿ ಹಾಡಿನ ವಿದ್ಯುತ್ ಹರಿದಂತೆ ಕೋನು ಹಿಂದೆ ಮುಂದೆ ಅಲುಗಿ ಗಾಳಿಯನ್ನು ತಳ್ಳುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ರೈಸ್ ಮತ್ತು ಕೆಲ್ಲಾಗ್ ಎಂಬಿಬ್ಬರು 1925ರಲ್ಲಿ ಇದರ ರೂಪವನ್ನು ನೆಲೆಗೊಳಿಸಿದರು. ಇವತ್ತಿನ ಹೋಂ ಥಿಯೇಟರಿನೊಳಗೆ ಇರುವುದೂ ಮೂಲದಲ್ಲಿ ಅದೇ. ಕೋನಿಗೆ ಇವತ್ತಿಗೂ ಹೆಚ್ಚಾಗಿ ಬಳಸುವುದು ಕಾಗದವನ್ನು. ಕಾಗದ ಹಗುರ, ಒಂದಿಷ್ಟು ಗಡಸು, ತಾನೇ ಗಣಗಣ ಅನ್ನುವುದಿಲ್ಲ. ಆದರೆ ಕಪ್ಪು ಕಾಗದ ಅಂಗಡಿಯ ದೀಪದಲ್ಲಿ ಹೊಳೆಯುವುದಿಲ್ಲವಲ್ಲ. ಅದಕ್ಕೆ ಬೆಳ್ಳಿಬಣ್ಣದ ಲೇಪ ಬಂತು, ನಡುವೆ ಕನ್ನಡಿಯಂಥ ಗುಬುಟು ಬಂತು, ಸುತ್ತ ಬಣ್ಣ ಬದಲಿಸುವ ಬಳೆ ದೀಪ ಬಂತು. ಕೆಲವು ಪೆಟ್ಟಿಗೆಗಳಲ್ಲಿ ಮೂರು ಕೋನು ಕಾಣುತ್ತವೆ, ದನಿ ಬರುವುದು ಒಂದರಿಂದ. ಉಳಿದೆರಡರ ಹಿಂದೆ ತಂತಿಯೂ ಇಲ್ಲ, ಅಯಸ್ಕಾಂತವೂ ಇಲ್ಲ. ರಿಪೇರಿ ಅಂಗಡಿಯವರು ಇವಕ್ಕೆ ‘ಡಮ್ಮಿ’ ಅನ್ನುತ್ತಾರೆ. ತಂತಿಯಿಲ್ಲದೆಯೂ ಕೆಲಸ ಮಾಡುವ ಒಂದು ಬಗೆಯ ಕೋನಿದೆ. ಒಳಗಿನ ಗಾಳಿಯ ಒತ್ತಡಕ್ಕೆ ಅಲುಗಿ ಆಳದ ಬೇಸ್ ಸ್ವರಕ್ಕೆ ನೆರವಾಗುವ ಅದು ನಿಜವಾದ ಭಾಗ. ಎರಡಕ್ಕೂ ವ್ಯತ್ಯಾಸ ತಿಳಿಯುವುದು ಸುಲಭ: ಬೇಸ್ ಹೆಚ್ಚಿರುವ ಹಾಡು ಹಾಕಿ ಬೆರಳಿನ ತುದಿಯನ್ನು ಅಂಚಿಗೆ ಮೃದುವಾಗಿ ತಾಗಿಸಿ. ಡಮ್ಮಿ ಕಲ್ಲಿನ ಹಾಗೆ ಸುಮ್ಮನಿರುತ್ತದೆ.

ಇನ್ನು ಆ ಹತ್ತು ಸಾವಿರ ವ್ಯಾಟಿನ ಕತೆ. ರೈತರಿಗೆ ಈ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು. ಒಂದು ಎಚ್.ಪಿ. ಎಂದರೆ 746 ವ್ಯಾಟ್. 10,000 ವ್ಯಾಟ್ ಎಂದರೆ 13 ಎಚ್.ಪಿ.ಗೂ ಮಿಗಿಲು. ನಮ್ಮ ಹೊಲದ ಬೋರ್‌ವೆಲ್ಲಿಗೆ ಇಳಿಸಿದ ಮೋಟಾರು ಐದೋ ಏಳೂವರೆಯೋ ಎಚ್.ಪಿ.ಯದು. ಅದಕ್ಕೆ ತ್ರೀ ಫೇಸ್ ಕರೆಂಟ್ ಬೇಕು, ಬೆರಳು ಗಾತ್ರದ ಕೇಬಲ್ ಬೇಕು. ಟಿ.ವಿ.ಯ ಪಕ್ಕದ ಪ್ಲಗ್ಗಿಗೆ ಸಿಕ್ಕಿಸುವ ಈ ಪೆಟ್ಟಿಗೆ ಅದರ ಎರಡರಷ್ಟು ಶಕ್ತಿ ಎಲ್ಲಿಂದ ತಂದೀತು? ಪೆಟ್ಟಿಗೆಯನ್ನು ಹಿಂದಕ್ಕೆ ತಿರುಗಿಸಿ, ಅಂಟಿಸಿದ ಸಣ್ಣ ಚೀಟಿ ಓದಿ. 230 ವೋಲ್ಟ್, 60 ವ್ಯಾಟ್ ಎಂದೋ, ಅಡಾಪ್ಟರಿನ ಮೇಲೆ 12 ವೋಲ್ಟ್ 2 ಆಂಪಿಯರ್ ಎಂದೋ ಇರುತ್ತದೆ. ಹನ್ನೆರಡೆರಡಲೆ ಇಪ್ಪತ್ನಾಲ್ಕು. ಒಳಗೆ ಹೋಗುವುದೇ 24 ವ್ಯಾಟ್ ಆದರೆ ಹೊರಗೆ ಬರುವುದು ಅದಕ್ಕಿಂತ ಕಡಿಮೆಯೇ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ಪಿ.ಎಂ.ಪಿ.ಒ. ಎಂಬ ಸಂಖ್ಯೆಗೆ ಒಪ್ಪಿತವಾದ ಅಳತೆಯೇ ಇಲ್ಲ, ಯಾರು ಎಷ್ಟು ಬೇಕಾದರೂ ಬರೆದುಕೊಳ್ಳಬಹುದು. ನೋಡಬೇಕಾದದ್ದು ಆರ್.ಎಂ.ಎಸ್. ಎಂದು ಬರೆದ ಸಂಖ್ಯೆ. ಅಮೆರಿಕದಲ್ಲೂ ಇಂಥ ಉಬ್ಬಿಸಿದ ಲೆಕ್ಕಗಳ ಹಾವಳಿ ಹೆಚ್ಚಾಗಿ, ಆಂಪ್ಲಿಫೈಯರಿನ ವ್ಯಾಟನ್ನು ಹೇಗೆ ಅಳೆದು ಹೇಳಬೇಕೆಂದು ಅಲ್ಲಿನ ಸರ್ಕಾರ 1974ರಲ್ಲಿ ನಿಯಮ ಮಾಡಬೇಕಾಯಿತು.

ವ್ಯಾಟು ಎರಡರಷ್ಟಾದರೆ ಸದ್ದೂ ಎರಡರಷ್ಟಾಗುತ್ತದೆ ಎಂಬ ಭ್ರಮೆಯೂ ಒಂದಿದೆ. ನಮ್ಮ ಕಿವಿಗೆ ಸದ್ದು ಎರಡರಷ್ಟಾಯಿತು ಅನ್ನಿಸಬೇಕಾದರೆ ಸುಮಾರು ಹತ್ತರಷ್ಟು ವ್ಯಾಟು ಬೇಕು. ಮನೆಯಲ್ಲಿ ಸಾಮಾನ್ಯ ದನಿಯಲ್ಲಿ ಹಾಡು ಕೇಳುವಾಗ ಬಹಳ ಸ್ಪೀಕರುಗಳು ನುಂಗುವುದು ಒಂದೆರಡು ವ್ಯಾಟ್ ಅಷ್ಟೆ. ಹೆಚ್ಚಿನದು ತಮಟೆಯ ಏಟಿನಂಥ ದಿಢೀರ್ ಸದ್ದಿಗೆ ಇಟ್ಟುಕೊಂಡ ಮೀಸಲು.

ಕಣ್ಣು ಕಿವಿಯನ್ನು ಎಷ್ಟರ ಮಟ್ಟಿಗೆ ಆಳುತ್ತದೆ ಎನ್ನುವುದನ್ನು ಅಳೆದು ನೋಡಿದವರಿದ್ದಾರೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಬಹಳ ಕಾಲ ಕೆಲಸ ಮಾಡಿ ಆಮೇಲೆ ಸ್ಪೀಕರ್ ತಯಾರಿಸುವ ಹಾರ್ಮನ್ ಕಂಪನಿಗೆ ಬಂದ ಫ್ಲಾಯ್ಡ್ ಟೂಲ್, ಅವರ ಸಹೋದ್ಯೋಗಿ ಶಾನ್ ಆಲಿವ್ ಇಬ್ಬರೂ 1994ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಅದೇ ಕಂಪನಿಯ 40 ಜನಕ್ಕೆ ನಾಲ್ಕು ಸ್ಪೀಕರುಗಳನ್ನು ಒಮ್ಮೆ ಪರದೆಯ ಮರೆಯಲ್ಲಿ, ಒಮ್ಮೆ ಕಣ್ಣೆದುರಿಗೆ ಇಟ್ಟು ಕೇಳಿಸಿ ಅಂಕ ಹಾಕಿಸಿದರು. ದೊಡ್ಡ, ದುಬಾರಿ, ಚೆಂದದ ಪೆಟ್ಟಿಗೆಗಳು ಕಣ್ಣಿಗೆ ಬಿದ್ದ ಕೂಡಲೇ ಅವುಗಳ ಅಂಕ ಏರಿತು. ಸಣ್ಣದಾಗಿ ಪ್ಲಾಸ್ಟಿಕ್ಕಿನದಾಗಿದ್ದ ಅಗ್ಗದ ಒಂದರ ಅಂಕ ಇಳಿಯಿತು. ದನಿ ಅದೇ, ಹಾಡು ಅದೇ, ಕಿವಿಯೂ ಅವರದೇ. ಇದಕ್ಕಿಂತ ಸೋಜಿಗದ್ದು ಮುಂದಿದೆ. ಸ್ಪೀಕರನ್ನು ಕೋಣೆಯಲ್ಲಿ ಬೇರೆ ಜಾಗಕ್ಕೆ ಸರಿಸಿದರೆ ದನಿ ನಿಜವಾಗಿಯೂ ಬದಲಾಗುತ್ತದೆ. ಪರದೆಯ ಮರೆಯಲ್ಲಿ ಕೇಳಿದಾಗ ಆ ಬದಲಾವಣೆ ಜನಕ್ಕೆ ಗೊತ್ತಾಯಿತು, ಅಂಕ ಬದಲಿಸಿದರು. ಪೆಟ್ಟಿಗೆ ಕಾಣುತ್ತಿದ್ದಾಗ ಅಷ್ಟಾಗಿ ಬದಲಿಸಲಿಲ್ಲ. ಅಂದರೆ ಕಣ್ಣು ಇಲ್ಲದ್ದನ್ನು ಸೇರಿಸಿದ್ದಷ್ಟೇ ಅಲ್ಲ, ಇದ್ದದ್ದನ್ನೂ ಕೇಳದಂತೆ ಮಾಡಿತು. ಅವರೆಲ್ಲ ಸ್ಪೀಕರ್ ವ್ಯಾಪಾರದಲ್ಲೇ ಇದ್ದವರು. ಹೊಗೆಸೊಪ್ಪು ಮಾರಿ ಬಂದ ನಮ್ಮ ಪಾಡೇನು!

ಈ ಮಾತನ್ನು ಮೈಸೂರಿನ ಬಾನುಲಿಯಲ್ಲಿ ಆಡುವುದಕ್ಕೆ ಒಂದು ಔಚಿತ್ಯವೂ ಇದೆ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ 30 ವ್ಯಾಟಿನ ಪ್ರೇಷಕ ಇಟ್ಟುಕೊಂಡು ‘ಆಕಾಶವಾಣಿ’ ಶುರುಮಾಡಿದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಇಂಜಿನಿಯರಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮೂವತ್ತು ವ್ಯಾಟ್! ಡಬ್ಬದ ಮೇಲಿನ ಅಕ್ಷರ ನಂಬುವುದಾದರೆ ಇವತ್ತು ನಿಮ್ಮ ಹಾಲಿನಲ್ಲಿರುವ ಪೆಟ್ಟಿಗೆ ಆ ನಿಲಯಕ್ಕಿಂತ ಮುನ್ನೂರು ಪಟ್ಟು ದೊಡ್ಡದು.

ರೇಡಿಯೊ ಮನೆಗೆ ಬಂದ ಕಾಲದಲ್ಲೂ ಅದರ ಅಂದಕ್ಕೆ ಕಡಿಮೆಯೇನೂ ಇರಲಿಲ್ಲ. ವಾಲ್ವ್ ರೇಡಿಯೊ ಎಂದರೆ ಪಾಲಿಶ್ ಹಾಕಿದ ಮರದ ಪೆಟ್ಟಿಗೆ, ಮುಂದೆ ಹೊಂಬಣ್ಣದ ಎಳೆ ಸೇರಿಸಿ ನೇಯ್ದ ಬಟ್ಟೆ, ಕತ್ತಲಲ್ಲಿ ಬೆಳಗುವ ಗಾಜಿನ ಮುಖ. ಅದನ್ನು ಗೋಡೆಯ ಎತ್ತರದ ಹಲಗೆಯ ಮೇಲೆ ಕೂರಿಸಿ, ಮನೆಯ ಹೆಣ್ಣುಮಕ್ಕಳು ಕೈಯಾರೆ ಹಾಕಿದ ಕ್ರೋಷಾ ಕಸೂತಿಯ ಹೊದಿಕೆ ಹೊದಿಸುತ್ತಿದ್ದರು. ಹೊದಿಕೆ ಮುಂದಕ್ಕೆ ಇಳಿಬಿದ್ದು ಸ್ಪೀಕರನ್ನು ಅರ್ಧ ಮುಚ್ಚುತ್ತಿತ್ತು. ಕ್ರೋಷಾಕ್ಕೆ ತೂತುಗಳಿರುವುದರಿಂದ ಅಂಥ ನಷ್ಟವೇನೂ ಆಗಲಿಲ್ಲ. ಆಮೇಲೆ ಬಂದ ವೆಲ್ವೆಟ್ ಹೊದಿಕೆಗಳು ಮಾತ್ರ ದನಿಯ ಮೊನಚನ್ನೆಲ್ಲ ನುಂಗಿದವು, ವಾರ್ತೆ ಓದುವವರಿಗೆ ಸದಾ ನೆಗಡಿ. ಈಗಲೂ ಸೌಂಡ್‌ಬಾರಿಗೆ ಧೂಳು ಕೂರಬಾರದೆಂದು ಮುಚ್ಚುವವರಿದ್ದಾರೆ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಿ. ಉಸಿರು ಸರಾಗವಾಗಿ ದಾಟಿದರೆ ದನಿಯೂ ದಾಟುತ್ತದೆ, ತಡೆದರೆ ತಡೆಯುತ್ತದೆ. ಇದೇ ಮಾತಿಗೆ ಇನ್ನೊಂದು ವಿನಂತಿ. ಆಯುಧಪೂಜೆಯ ದಿನ ಸ್ಪೀಕರಿಗೂ ವಿಭೂತಿ ಪಟ್ಟೆ, ಅರಿಶಿನ ಕುಂಕುಮ ಆಗಬೇಕು, ಒಪ್ಪಿದೆ. ಪೆಟ್ಟಿಗೆಯ ನೆತ್ತಿಗೆ ಹಚ್ಚಿ, ಒದ್ದೆ ಕೈಯಲ್ಲಿ ಕೋನಿಗೆ ಬೇಡ. ಅದು ಕಾಗದ.

ಹಾಗಾದರೆ ಅಂದವೆಲ್ಲ ಮೋಸವೇ ಎಂದರೆ, ಅಲ್ಲ. ಇಲ್ಲಿ ವಿಷಯ ಸ್ವಲ್ಪ ಸೂಕ್ಷ್ಮ. ಅಮೆರಿಕದ ಆರ್.ಸಿ.ಎ. ಪ್ರಯೋಗಾಲಯದ ಹ್ಯಾರಿ ಓಲ್ಸನ್ 1951ರಲ್ಲಿ ಒಂದೇ ಸ್ಪೀಕರನ್ನು ಹನ್ನೆರಡು ಬೇರೆ ಬೇರೆ ಆಕಾರದ ಪೆಟ್ಟಿಗೆಗಳಲ್ಲಿ ಕೂರಿಸಿ ಅಳೆದರು. ಚೆಂಡಿನಂಥ ಗುಂಡುಪೆಟ್ಟಿಗೆಯಲ್ಲಿ ದನಿ ಎಲ್ಲಕ್ಕಿಂತ ಸಮವಾಗಿ ಬಂತು. ಚೂಪಾದ ಅಂಚಿರುವ ಚೌಕಪೆಟ್ಟಿಗೆಯಲ್ಲಿ ಏರಿಳಿತ ಹೆಚ್ಚಾಯಿತು. ದನಿ ಕೋನಿನಿಂದ ಹೊರಟು ಪೆಟ್ಟಿಗೆಯ ಮುಖದ ಮೇಲೆ ಹರಡಿ ಅಂಚಿಗೆ ಬಂದಾಗ, ಅಂಚು ಚೂಪಾಗಿದ್ದರೆ ಅಲ್ಲಿಂದ ಮತ್ತೊಂದು ಅಲೆ ಎದ್ದು ಮೊದಲಿನದರ ಜೊತೆ ಕಲಸಿಹೋಗುತ್ತದೆ. ಹಾಗಾಗಿ ಅಂಚು ಉಜ್ಜಿ ದುಂಡಗೆ ಮಾಡಿದ ಪೆಟ್ಟಿಗೆ ಕಣ್ಣಿಗೂ ಹಿತ, ಕಿವಿಗೂ ಹಿತ. ಜರ್ಮನಿಯ ಬ್ರೌನ್ ಕಂಪನಿ 1956ರಲ್ಲಿ ತಂದ ಎಸ್.ಕೆ.4 ಎಂಬ ರೇಡಿಯೊ-ಗ್ರಾಮಫೋನು ಹೊಸ ಕಾಲದ ವಿನ್ಯಾಸಕ್ಕೆ ಹೆಸರಾಂತ ಮಾದರಿ. ಅದರ ಪಾರದರ್ಶಕ ಮುಚ್ಚಳವನ್ನು ಆಮೇಲೆ ಜಗತ್ತೆಲ್ಲ ನಕಲು ಮಾಡಿತು. ಅದು ಹುಟ್ಟಿದ್ದು ಅಂದಕ್ಕಾಗಿ ಅಲ್ಲ. ಮೊದಲು ಮಾಡಿದ ಲೋಹದ ಮುಚ್ಚಳ ದನಿ ಏರಿಸಿದಾಗ ಗಡಗಡ ಅನ್ನುತ್ತಿತ್ತು, ಅದಕ್ಕೇ ಪ್ಲಾಸ್ಟಿಕ್ಕಿನದು ಹಾಕಿದರು.

ಮರದ ವಿಚಾರಕ್ಕೆ ಬಂದರೆ ನಮ್ಮ ನಾಲ್ಕು ತಾಲ್ಲೂಕಿನವರಿಗೆ ಹೇಳಬೇಕಾದದ್ದಿದೆ. ಕಾಡಂಚಿನ ಜನ ನಾವು. ತೇಗ, ಬೀಟೆ, ಹೊನ್ನೆ, ಮತ್ತಿ ಎಂದರೆ ಮರ್ಯಾದೆ. ಸ್ಪೀಕರಿನ ಪೆಟ್ಟಿಗೆಯನ್ನೂ ಗಟ್ಟಿ ತೇಗದಲ್ಲೋ ಬೀಟೆಯಲ್ಲೋ ಮಾಡಿಸಿದರೆ ದನಿಗೆ ತೂಕ ಬರುತ್ತದೆ ಎಂದು ನಂಬುವವರು ಇದ್ದಾರೆ. ಅದಕ್ಕೆ ಆಧಾರವಿಲ್ಲ. ಪೆಟ್ಟಿಗೆಯ ಕೆಲಸ ಬಾಯಿ ಮುಚ್ಚಿಕೊಂಡಿರುವುದು, ದನಿ ಹೊರಡಬೇಕಾದದ್ದು ಕೋನಿನಿಂದ ಮಾತ್ರ. ವೀಣೆಯ ಕೊಡಕ್ಕೆ ಹಲಸಿನ ಮರ ಆರಿಸುವುದು ಅದು ತಾನೂ ನಾದ ಮಾಡಲಿ ಎಂದು. ಸ್ಪೀಕರಿನ ಪೆಟ್ಟಿಗೆಯಿಂದ ನಮಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ. ಗಟ್ಟಿಮರ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಮೂಲೆಯ ಕೂಡು ಬಿಡುತ್ತದೆ, ಬಿಟ್ಟ ಸಂದಿನಲ್ಲಿ ಗಾಳಿ ಸಿಳ್ಳೆ ಹೊಡೆಯುತ್ತದೆ. ಪದರದ ಮೇಲೆ ಪದರ ಅಡ್ಡಡ್ಡಲಾಗಿ ಅಂಟಿಸಿದ ಪ್ಲೈವುಡ್ಡಿಗೆ ಈ ತೊಂದರೆ ಕಡಿಮೆ. ಹುಣಸೂರು ಪ್ಲೈವುಡ್ ವರ್ಕ್ಸ್ ಎಂಬ ಹೆಸರು ಕೇಳಿ ಬೆಳೆದ ಊರಿಗೆ ಇದನ್ನು ಹೊರಗಿನವರು ಬಂದು ಹೇಳಬೇಕಾಗಿಲ್ಲ. ಒಳಗೆ ಒಳ್ಳೆಯ ಪ್ಲೈ ಅಥವಾ ಎಂ.ಡಿ.ಎಫ್., ಮಧ್ಯೆ ಒಂದು ಅಡ್ಡಪಟ್ಟಿಯ ಆಧಾರ, ಮೇಲೆ ಬೇಕಿದ್ದರೆ ಕಾಗದದಷ್ಟು ತೆಳುವಾದ ಬೀಟೆಯ ವಿನೀರು. ಕಣ್ಣಿಗೆ ಬೀಟೆ, ಕಿವಿಗೆ ಪ್ಲೈ, ಯಾರಿಗೂ ಅನ್ಯಾಯವಿಲ್ಲ. ಅಂಗಡಿಯಲ್ಲಿ ಪೆಟ್ಟಿಗೆಯ ಪಕ್ಕೆಗೆ ಬೆರಳ ಗೆಣ್ಣಿನಿಂದ ಕುಟ್ಟಿ: ‘ಟಪ್’ ಎಂದು ಸತ್ತ ಸದ್ದು ಬಂದರೆ ಒಳ್ಳೆಯದು, ‘ಡೊಂಯ್’ ಎಂದರೆ ಅದು ಪ್ರತಿ ಹಾಡಿನಲ್ಲೂ ಡೊಂಯ್ ಅನ್ನುತ್ತಲೇ ಇರುತ್ತದೆ.

ಪ್ಲೈವುಡ್ಡಿನಿಂದಲೇ ಆದ, ನೋಡಲು ತೀರಾ ಸಾಧಾರಣವಾದ ಒಂದು ಪೆಟ್ಟಿಗೆಯ ಕತೆ ಹೇಳಬೇಕು, ಅದೂ ಬಾನುಲಿಯವರದೇ. 1970ರ ದಶಕದ ಮಧ್ಯದಲ್ಲಿ ಬಿ.ಬಿ.ಸಿ.ಯ ಇಂಜಿನಿಯರುಗಳಿಗೆ ಹೊರಾಂಗಣ ಪ್ರಸಾರದ ವ್ಯಾನಿನ ಇಕ್ಕಟ್ಟಿನಲ್ಲಿ ಕೂತು ದನಿ ಸರಿಯಿದೆಯೇ ಎಂದು ಪರೀಕ್ಷಿಸಲು ಸಣ್ಣ ಸ್ಪೀಕರು ಬೇಕಾಯಿತು. ಅವರು ಮಾಡಿಕೊಂಡ ಎಲ್.ಎಸ್.3/5ಎ ಒಂದಡಿ ಎತ್ತರ, ಏಳೂವರೆ ಅಂಗುಲ ಅಗಲದ ಪೆಟ್ಟಿಗೆ. ಗೋಡೆ ತೆಳುವಾದ ಬರ್ಚ್ ಪ್ಲೈ, ಅದರ ಒಳಮೈಗೆ ಕಂಪನ ಅಡಗಿಸುವ ಡಾಂಬರಿನಂಥ ಹಾಳೆ. ಮುಂದಿನ ಬಟ್ಟೆ ತೆಗೆದು ನೋಡಿದರೆ, ಮೇಲಿನ ಸ್ವರ ಹೊರಡಿಸುವ ಸಣ್ಣ ಟ್ವೀಟರಿನ ಸುತ್ತ ಒರಟು ಉಣ್ಣೆಯ ಪಟ್ಟಿಗಳು, ಅಂಚಿನಿಂದ ಏಳುವ ಅಲೆಯನ್ನು ತಡೆಯಲಿಕ್ಕೆ. ಮುಂದಿನ ಬಟ್ಟೆಯನ್ನೂ ಲೆಕ್ಕಕ್ಕೆ ಹಿಡಿದೇ ಅದರ ದನಿಯನ್ನು ಹೊಂದಿಸಿದ್ದರು, ಬಟ್ಟೆ ಹಾಕಿಯೇ ಕೇಳಬೇಕು. ಬೇಸ್ ಕಡಿಮೆ, ಜೋರು ಸದ್ದು ಆಗದು. ಆದರೆ ಮನುಷ್ಯ ಮಾತಾಡಿದರೆ ಮನುಷ್ಯನೇ ಮಾತಾಡಿದಂತೆ. ಐವತ್ತು ವರ್ಷದ ಮೇಲೂ ಜನ ಅದನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಸ್ಪೀಕರನ್ನು ಅಳೆಯಲು ಮನುಷ್ಯನ ಮಾತಿಗಿಂತ ಒಳ್ಳೆಯ ಗಜಕಡ್ಡಿ ಇಲ್ಲ. ಅಮ್ಮನ ದನಿ, ಮೇಷ್ಟ್ರ ದನಿ ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತು, ಸಿನಿಮಾದ ಬಾಂಬು ನಿಜವಾಗಿ ಹೇಗೆ ಸಿಡಿಯುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಅಂಗಡಿಗಳಲ್ಲಿ ಬಾಂಬನ್ನೇ ಕೇಳಿಸುವುದು ಬಹುಶಃ ಇದಕ್ಕೇ.

ನಮ್ಮ ಸೀಮೆಯಲ್ಲಿ ಪರೀಕ್ಷೆಗೆ ಒದಗುವ ದನಿಗಳಿಗೇನೂ ಬರವಿಲ್ಲ. ಮಾದಪ್ಪನ ಕಂಸಾಳೆಯನ್ನೇ ತೆಗೆದುಕೊಳ್ಳಿ. ಎರಡು ಕಂಚು ತಾಗಿದ ಏಟು ಬೇರೆ, ಆಮೇಲೆ ಗಾಳಿಯಲ್ಲಿ ಉಳಿಯುವ ಇಂಚರ ಬೇರೆ. ಒಳ್ಳೆಯ ಟ್ವೀಟರಿನಲ್ಲಿ ಎರಡೂ ಬಿಡಿಬಿಡಿಯಾಗಿ ಕೇಳುತ್ತವೆ. ಕಳಪೆಯದರಲ್ಲಿ ಒಗ್ಗರಣೆಗೆ ನೀರು ಬಿದ್ದಂತೆ ‘ಚುಯ್’ ಎಂಬ ಒಂದೇ ಸದ್ದು. ನೀಲಗಾರರ ಕತೆಯಲ್ಲಿ ತಂಬೂರಿಯ ಶ್ರುತಿ ಹಾಡಿನ ಕೆಳಗೆ ಸದಾ ಹರಿಯುತ್ತಿರಬೇಕು. ಬೇಸನ್ನು ಬೇಕೆಂದೇ ಉಬ್ಬಿಸಿದ ಪೆಟ್ಟಿಗೆಯಲ್ಲಿ ಡಗ್ಗು ಎದ್ದು ಕೂತು ತಂಬೂರಿಯನ್ನೇ ನುಂಗಿಬಿಡುತ್ತದೆ. ಇನ್ನು ಹುಣಸೂರಿನ ಗುರುಪುರದ ಟಿಬೆಟಿಯನ್ ಕ್ಯಾಂಪಿನಲ್ಲಿ ಗ್ಯೂಮೆ ತಾಂತ್ರಿಕ ಮಠವಿದೆ. ಅಲ್ಲಿನ ಭಿಕ್ಷುಗಳು ಮಂತ್ರ ಹೇಳುವ ಕಂಠ ಪ್ರಪಂಚದಲ್ಲೇ ಅಪರೂಪದ್ದು. ಅದರ ಮೂಲಸ್ವರ ಸೆಕೆಂಡಿಗೆ 70ರ ಆಸುಪಾಸಿನ ಕಂಪನಕ್ಕೆ ಇಳಿದು, ಅದರ ಮೇಲೆ ಇನ್ನೊಂದು ಸ್ವರ ತೇಲುತ್ತದೆ. ಗಂಡಸಿನ ಮಾಮೂಲಿ ಮಾತಿನ ದನಿ ಬಹುಮಟ್ಟಿಗೆ ನೂರರ ಮೇಲಿರುತ್ತದೆ. ಎರಡಂಗುಲದ ಕೋನಿರುವ ಬಹಳಷ್ಟು ಬ್ಲೂಟೂತ್ ಡಬ್ಬಿಗಳಲ್ಲಿ ಆ 70 ಬರುವುದೇ ಇಲ್ಲ. ಆದರೂ ಏನೋ ಕೇಳಿದಂತಾಗುತ್ತದೆ, ಯಾಕೆಂದರೆ ಮೇಲಿನ ಸ್ವರಗಳನ್ನು ಹಿಡಿದು ಇಲ್ಲದ ಮೂಲಸ್ವರವನ್ನು ನಮ್ಮ ಮಿದುಳೇ ಊಹಿಸಿಕೊಳ್ಳುತ್ತದೆ. ಫೋನಿನ ಸ್ಪೀಕರಿನಲ್ಲಿ ಹಾಡಿನ ಆಳದ ಸ್ವರಗಳು ಕೇಳಿದಂತಾಗುವುದೂ ಈ ಊಹೆಯ ಬಲದಿಂದಲೇ. ಊಹಿಸಿದ ಸ್ವರ ಎದೆಗೆ ತಾಗುವುದಿಲ್ಲ, ಅಷ್ಟೇ ವ್ಯತ್ಯಾಸ. ಆಳದ ಸ್ವರಕ್ಕೆ ಗಾಳಿಯನ್ನು ಹೆಚ್ಚು ತಳ್ಳಬೇಕು. ಸ್ವರದ ಕಂಪನ ಅರ್ಧಕ್ಕಿಳಿದರೆ ಅಷ್ಟೇ ಸದ್ದಿಗೆ ಕೋನು ನಾಲ್ಕರಷ್ಟು ದೂರ ಓಡಾಡಬೇಕು. ಸಣ್ಣ ಪೆಟ್ಟಿಗೆಯ ಅಂದಕ್ಕೆ ತೆರುವ ಬೆಲೆ ಇದು, ಯಾವ ಕಂಪನಿಯೂ ಇದರಿಂದ ತಪ್ಪಿಸಿಕೊಂಡಿಲ್ಲ.

ಇಷ್ಟೆಲ್ಲ ನೋಡಿ ತಂದ ಸ್ಪೀಕರು ಮನೆಯಲ್ಲಿ ಬೇರೆಯೇ ದನಿ ಮಾಡುವುದುಂಟು. ತಪ್ಪು ಸ್ಪೀಕರಿನದಲ್ಲ, ಹಾಲಿನದು. ಹಳೆಯ ಮನೆಗಳಲ್ಲಿ ಮಣ್ಣಿನ ಗೋಡೆ, ಮೇಲೆ ನಾಡಹೆಂಚು, ಮೂಲೆಯಲ್ಲಿ ರಾಗಿಯ ಮೂಟೆ, ಗಳುವಿನ ಮೇಲೆ ಬಟ್ಟೆ. ಸದ್ದಿನ ಒಂದು ಪಾಲು ಹೆಂಚಿನ ಸಂದಿನಲ್ಲಿ ಹಾರಿಹೋಗುತ್ತಿತ್ತು, ಇನ್ನೊಂದು ಪಾಲನ್ನು ಮೂಟೆಗಳು ಹೀರುತ್ತಿದ್ದವು. ಒಂದೇ ಕೋನಿನ ರೇಡಿಯೊ ಅಲ್ಲಿ ಸ್ಪಷ್ಟವಾಗಿ ಮಾತಾಡುತ್ತಿತ್ತು. ಈಗಿನ ಹಾಲು ಆರ್.ಸಿ.ಸಿ., ನೆಲಕ್ಕೆ ಹೊಳೆಯುವ ಟೈಲ್ಸ್, ಒಂದು ಗೋಡೆ ತುಂಬ ಗಾಜಿನ ಷೋಕೇಸ್. ನೋಡಲು ಅರಮನೆ. ನಿಂತು ಒಂದು ಚಪ್ಪಾಳೆ ತಟ್ಟಿದರೆ ಗೋಡೆಯಿಂದ ಗೋಡೆಗೆ ‘ಟರ್ರ್’ ಎಂದು ಪುಟಿಯುತ್ತದೆ. ಆ ಟರ್ರ್ ನಿಮ್ಮ ಹಾಡಿನ ಪ್ರತಿ ಅಕ್ಷರಕ್ಕೂ ಅಂಟಿಕೊಳ್ಳುತ್ತದೆ.

ಅಮೆರಿಕದ ಹಾರ್ವರ್ಡಿನಲ್ಲಿ 1895ರಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸದ ಸಭಾಂಗಣವೊಂದರಲ್ಲಿ ಪಾಠ ಯಾರಿಗೂ ಅರ್ಥವಾಗದೆ, ಕಾರಣ ಹುಡುಕುವ ಕೆಲಸವನ್ನು ವಾಲೆಸ್ ಸೇಬಿನ್ ಎಂಬ ಎಳೆಯ ಅಧ್ಯಾಪಕರಿಗೆ ವಹಿಸಿದರು. ಅವರು ಪಕ್ಕದ ರಂಗಮಂದಿರದ ಕುರ್ಚಿಯ ಮೆತ್ತೆಗಳನ್ನು ರಾತ್ರೋರಾತ್ರಿ ಹೊತ್ತು ತಂದು, ಆರ್ಗನ್ನಿನ ಕೊಳವೆ ಊದಿಸಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಅಳೆದರು. ಮೆತ್ತೆ ಹೆಚ್ಚಿದಂತೆ ಪ್ರತಿಧ್ವನಿ ಬೇಗ ಅಡಗಿತು. ಕಟ್ಟಡಗಳ ಧ್ವನಿವಿಜ್ಞಾನ ಹುಟ್ಟಿದ್ದು ಆ ಮೆತ್ತೆಗಳಿಂದ. ನಮ್ಮ ಮನೆಗೆ ಅಷ್ಟು ಶ್ರಮ ಬೇಡ. ಸ್ಪೀಕರಿನ ಮುಂದಿನ ನೆಲಕ್ಕೊಂದು ದಪ್ಪ ಜಮಖಾನ, ಕಿಟಕಿಗೆ ಮಡಿಕೆ ಬೀಳುವಷ್ಟು ಅಗಲದ ಪರದೆ, ಎದುರು ಗೋಡೆಗೆ ಪುಸ್ತಕದ ಬೀರು ಇದ್ದರೆ ಸಾವಿರಾರು ರೂಪಾಯಿಯ ಹೊಸ ಸ್ಪೀಕರು ತಂದಷ್ಟು ಗುಣ ಕಾಣುತ್ತದೆ. ಬೇಸ್ ಹೊರಡಿಸುವ ವೂಫರನ್ನು ಚೆಂದಕ್ಕೆಂದು ಮೂಲೆಗೆ ತಳ್ಳಬೇಡಿ. ಎರಡು ಗೋಡೆ ಒಂದು ನೆಲ ಸೇರುವಲ್ಲಿ ಬೇಸ್ ಉಬ್ಬಿ ಎಲ್ಲ ಸ್ವರವೂ ಒಂದೇ ‘ದುಮ್’ ಆಗುತ್ತದೆ. ಸೆಕೆಂಡಿಗೆ 50 ಕಂಪನದ ಅಲೆ ಸುಮಾರು 7 ಮೀಟರ್ ಉದ್ದ, ನಮ್ಮ ಹಾಲಿಗಿಂತ ದೊಡ್ಡದು. ಅದಕ್ಕೆ ಎಲ್ಲಿ ಕೂತರೂ ಇಕ್ಕಟ್ಟೇ, ಮೂಲೆಯಲ್ಲಂತೂ ಕೇಳುವುದೇ ಬೇಡ. ಟ್ವೀಟರಿನದು ಬೇರೆ ಸ್ವಭಾವ, ಅದರ ಸದ್ದು ನೇರ ಹೋಗುತ್ತದೆ. ಕೂತವರ ಕಿವಿಯ ಎತ್ತರಕ್ಕಿರಬೇಕು. ಫ್ರಿಜ್ಜಿನ ತಲೆಯ ಮೇಲಿಟ್ಟರೆ ಅದು ಹಾಡುವುದು ಫ್ಯಾನಿಗೆ.

ತಂತಿಯ ಕಡೆಗೂ ಒಮ್ಮೆ ನೋಡಿ. ಜೋಡಿ ಸ್ಪೀಕರಿನಲ್ಲಿ ಒಂದಕ್ಕೆ ಕೆಂಪು ಕಪ್ಪು ತಿರುಗುಮುರುಗಾದರೆ ಒಂದು ಕೋನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ, ಬೇಸ್ ಮಾಯ. ಇದನ್ನು ತಿಳಿಯದೆ ಹೊಸ ವೂಫರು ತಂದ ಮನೆಗಳಿವೆ.

ಇಷ್ಟು ಹೇಳಿದ ಮೇಲೂ ಗಂಡಸರಿಗೊಂದು ಮಾತು ಬಾಕಿ ಇದೆ. ಹಾಲಿನ ನಡುವೆ ಕಪ್ಪು ಕಬ್ಬಿಣದ ಜಾಲರಿಯ, ಜಾತ್ರೆಯಿಂದ ಎತ್ತಿ ತಂದಂಥ ಪೆಟ್ಟಿಗೆ ಇಡುತ್ತೇನೆ, ದನಿ ಚೆನ್ನಾಗಿದೆ ಎಂದರೆ ಮನೆಯಾಕೆ ಬೇಡ ಅನ್ನುವುದು ನ್ಯಾಯವೇ. ಆ ಹಾಲನ್ನು ದಿನಾ ಗುಡಿಸಿ ಒರೆಸುವವರು ಅವರು. 1957ರಲ್ಲಿ ಇಂಗ್ಲೆಂಡಿನ ಕ್ವಾಡ್ ಕಂಪನಿ ತಂದ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರನ್ನು ಇವತ್ತಿಗೂ ಅತ್ಯುತ್ತಮ ದನಿಗಳಲ್ಲಿ ಒಂದೆಂದು ಹೊಗಳುತ್ತಾರೆ. ನೋಡಿದವರೆಲ್ಲ ಅದನ್ನು ಕೋಣೆ ಕಾಯಿಸುವ ಹೀಟರ್ ಅಂದುಕೊಂಡರು. ಎಷ್ಟು ಮನೆಗಳಲ್ಲಿ ಅದರ ಸಲುವಾಗಿ ಜಗಳವಾಯಿತೋ! ಅಂದ ಬೇಡ ಎಂದು ನಾನು ಹೇಳುತ್ತಿಲ್ಲ. ದನಿಯನ್ನು ಕಿವಿಯಿಂದ ಆರಿಸಿ, ಆರಿಸಿದ್ದರಲ್ಲಿ ಚೆಂದದ್ದನ್ನು ಕಣ್ಣಿನಿಂದ ಆರಿಸಿ. ಈ ಕ್ರಮ ತಿರುಗಿಸಬೇಡಿ ಅನ್ನುತ್ತೇನೆ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ನಿಮಗೆ ಬಾಯಿಪಾಠವಾಗಿರುವ ಎರಡು ಹಾಡು, ಗುರುತಿನವರ ಒಂದಿಷ್ಟು ಮಾತು ತುಂಬಿಕೊಂಡು ಹೋಗಿ. ಎರಡು ಪೆಟ್ಟಿಗೆಗಳ ನಡುವೆ ಆರಿಸುವುದಿದ್ದರೆ ಬೆನ್ನು ತಿರುಗಿಸಿ ಕೂತು, ಯಾವುದು ಹಾಡುತ್ತಿದೆ ಎಂದು ಹೇಳದೆ ಹಾಕಲು ಹೇಳಿ. ಎರಡರ ಸದ್ದೂ ಸಮ ಇರಲಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಎಂದು ಎಂಥವರ ಕಿವಿಗೂ ಅನ್ನಿಸುತ್ತದೆ, ವ್ಯಾಪಾರದಲ್ಲಿರುವವರಿಗೆ ಈ ಗುಟ್ಟು ಗೊತ್ತು. ಮಗಳನ್ನೋ ಮೊಮ್ಮಗನನ್ನೋ ಜೊತೆಗೆ ಕರೆದೊಯ್ಯಿರಿ. ವಯಸ್ಸಾದಂತೆ ಮೇಲಿನ ಸ್ವರಗಳು ನಮಗೆ ಕೇಳಿಸುವುದು ಕಡಿಮೆಯಾಗುತ್ತದೆ. ಕಿರುಚುವ ಟ್ವೀಟರನ್ನು ಎಳೆಯರು ಮೊದಲು ಪತ್ತೆಹಚ್ಚುತ್ತಾರೆ.

ಹಬ್ಬದ ಎಕ್ಸ್‌ಚೇಂಜ್ ಆಫರ್ ಎಂದು ಅಟ್ಟದ ಮೇಲಿನ ಹಳೇ ಡೆಕ್ಕಿನ ಬಾಕ್ಸುಗಳನ್ನು ಕೊಡಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. ಮುಂದಿನ ಬಟ್ಟೆ ಬಿಚ್ಚಿ, ಕೋನಿನ ಸುತ್ತಲ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ಸ್ಪಂಜಿನ ಅಂಚಾಗಿದ್ದರೆ ಹತ್ತು ಹದಿನೈದು ವರ್ಷಕ್ಕೆ ಪುಡಿಯಾಗಿ ಉದುರುತ್ತದೆ. ಹಾಳಾಗಿರುವುದು ಅದೊಂದೇ. ಅಯಸ್ಕಾಂತ, ಸುರುಳಿ, ಕಾಗದದ ಕೋನು ಬಹಳ ಸಲ ಸರಿಯಾಗಿಯೇ ಇರುತ್ತವೆ. ಸ್ಪೀಕರ್ ರೀಕೋನ್ ಮಾಡುವವರ ಹತ್ತಿರ ಹೊಸ ಅಂಚು ಹಾಕಿಸಬಹುದು. ರಬ್ಬರಿನದೋ ಬಟ್ಟೆಯದೋ ಅಂಚಾಗಿದ್ದರೆ ಅದೂ ಬೇಡ. ಎಂಟಂಗುಲದ ಕಾಗದದ ಕೋನಿರುವ ಆ ಬಾಕ್ಸುಗಳಿಗೆ ಹೊಸ ಸಣ್ಣ ಆಂಪ್ಲಿಫೈಯರ್ ಒಂದನ್ನು ಜೋಡಿಸಿ, ಟಿ.ವಿ.ಯಿಂದ ತಂತಿ ಎಳೆದು, ಮೊದಲು ಸಂಜೆಯ ವಾರ್ತೆಯನ್ನು ಹಾಕಿ ಕೇಳಿ.